ಗೋಡೆಯ ಎರಡು ಬದಿಗೂ ಒಂದೇ ಹೆಸರು

ದೆಹಲಿಯಲ್ಲಿ ಮೊದಲ ದಿನ ಕೆಲಸಕ್ಕೆ ಹೊರಟಾಗ ಏನೇನು ಕೆಡಬಹುದು ಎಂಬುದು ನನಗೆ ಬಾಯಿಪಾಠವಾಗಿತ್ತು. ಬಸ್ಸು ನಿಲ್ಲದೆ ಹೋಗಬಹುದು. ನಿಂತರೂ ನಾನು ಒಂದು ಕಾಲಿಡುವಷ್ಟರಲ್ಲಿ ಹೊರಟುಬಿಡಬಹುದು. ಹತ್ತಿಸಿಕೊಂಡರೂ ಓಖ್ಲಾ ಬದಲು ಹರಿಯಾಣದ ಯಾವುದೋ ಗೋಧಿ ಹೊಲದಲ್ಲಿ ಇಳಿಸಬಹುದು. ಕಂಡಕ್ಟರ್ ಏನೋ ಕೇಳಬಹುದು, ನಾನು ‘ಹಾಂ’ ಅನ್ನಬಹುದು, ಅದು ‘ಇಲ್ಲ’ ಅನ್ನಬೇಕಾದ ಪ್ರಶ್ನೆಯಾಗಿರಬಹುದು. ಆಫೀಸಿನ ಲಿಫ್ಟು ನಡುವೆ ನಿಲ್ಲಬಹುದು. ನಾನು ಮುಟ್ಟಿದ ಕೂಡಲೇ ಕಂಪ್ಯೂಟರ್ ಆರಿಹೋಗಿ, ಅದನ್ನು ನೋಡಿ ಇಡೀ ಮಹಡಿಯ ಕಂಪ್ಯೂಟರ್‌ಗಳೂ ಆರಿಹೋಗಬಹುದು. ನಲವತ್ತಾರು ವರ್ಷದ ಈ ಹೆಂಗಸನ್ನು ಕೆಲಸಕ್ಕೆ ಕರೆದವರು ಯಾರು ಎಂದು ವಿಚಾರಣೆ ನಡೆಯಬಹುದು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಹುಳಿಯನ್ನದ ಇಂಗಿನ ವಾಸನೆಗೆ ಯಾರಾದರೂ ಎದ್ದು ಕಿಟಕಿ ತೆಗೆಯಬಹುದು. ಇದೆಲ್ಲ ಆಗುತ್ತಿರುವಾಗ ಮನೆಯಲ್ಲಿ ಆರಿಸದೆ ಬಂದ ಗ್ಯಾಸು ಉರಿಯುತ್ತಲೇ ಇರಬಹುದು.

“ರೀ, ಗ್ಯಾಸ್ ಆರಿಸಿದ್ದೀನಾ?” ಎಂದು ಬಸ್ ಸ್ಟಾಪಿನಲ್ಲಿ ಮೂರನೇ ಸಲ ಕೇಳಿದೆ.

“ನೀನು ಆರಿಸಿದ್ದೀಯ, ನಾನು ನೋಡಿದ್ದೀನಿ, ಎದುರುಮನೆಯವರೂ ನೋಡಿದ್ದಾರೆ. ಇನ್ನು ಬಸ್ಸು ಹತ್ತೇ ತಾಯಿ,” ಎಂದರು ನಮ್ಮ ಯಜಮಾನರು.

ಇವುಗಳಲ್ಲಿ ಒಂದೂ ಆಗಲಿಲ್ಲ. ಬಸ್ಸು ನಿಂತಿತು, ಲಿಫ್ಟು ಏರಿತು, ಹುಳಿಯನ್ನಕ್ಕೆ ಪಕ್ಕದ ಮೇಜಿನವರು ಚಮಚ ಹಿಡಿದು ಬಂದರು. ಆದದ್ದು ಬೇರೆ. ಅದನ್ನು ಹೇಳಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ನಾವು ದಾವಣಗೆರೆಯವರು. ಯಜಮಾನರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಬಡ್ತಿಯ ಜೊತೆಗೆ ದೆಹಲಿಯೂ ಬಂತು. ಊರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದ ನಾನು ರಾಜೀನಾಮೆ ಬರೆದುಕೊಟ್ಟು, ಒಂಬತ್ತನೇ ಕ್ಲಾಸಿನ ಮಗಳನ್ನೂ ಎರಡು ಕೊಳದಪ್ಪಲೆಗಳನ್ನೂ ಕಟ್ಟಿಕೊಂಡು ರೈಲು ಹತ್ತಿದೆ. ಸರ್ಕಾರಿ ಕ್ವಾರ್ಟರ್ಸಿಗೆ ಸರದಿ ಉದ್ದವಿದ್ದುದರಿಂದ ಕರೋಲ್ ಬಾಗ್‌ನಲ್ಲಿ ಒಂದು ಬರ್ಸಾತಿ ಹಿಡಿದೆವು. ಬರ್ಸಾತಿ ಎಂದರೆ ಮನೆಯ ತಾರಸಿಯ ಮೇಲೆ ಕಟ್ಟಿದ ಒಂದೂವರೆ ಕೋಣೆ. ಹೆಸರಿನಲ್ಲಿ ಮಳೆ ಇದೆ, ಉಳಿದದ್ದೆಲ್ಲ ಬಿಸಿಲು. ಮೇ ತಿಂಗಳಲ್ಲಿ ಅಲ್ಲಿ ಹಪ್ಪಳವನ್ನು ಒಳಗೇ ಒಣಗಿಸಬಹುದು. ಜನವರಿಯಲ್ಲಿ ಅದೇ ಕೋಣೆಯಲ್ಲಿ ಕೊಬ್ಬರಿ ಎಣ್ಣೆ ಸುಣ್ಣದ ಕಲ್ಲಿನಂತೆ ಗಟ್ಟಿಯಾಗಿ, ನಾವು ಅದನ್ನು ಚಮಚದಲ್ಲಿ ಕೆರೆದು ತಲೆಗೆ ಹಚ್ಚಿಕೊಳ್ಳುತ್ತಿದ್ದೆವು.

ಊರಲ್ಲಿ ನನಗೆ ಬೇಜಾರಾದರೆ ಹಿತ್ತಿಲ ಬಾಗಿಲು ತೆಗೆದು ಪಕ್ಕದ ಮನೆ ಗಿರಿಜಮ್ಮನನ್ನು ಕರೆಯುತ್ತಿದ್ದೆ. ಇಲ್ಲಿ ತಾರಸಿಗೆ ಬಂದು ನಿಂತರೆ ಸುತ್ತಲೂ ನೂರು ತಾರಸಿ, ನೂರು ನೀರಿನ ಟ್ಯಾಂಕು, ಕರೆಯಲು ಒಂದು ಹೆಸರಿಲ್ಲ. ಮಗಳು ಮೂರೇ ತಿಂಗಳಿಗೆ, “ಅಮ್ಮಾ, ದಹೀ ಖತಮ್ ಆಗಿದೆ, ಭಯ್ಯಾನ ಅಂಗಡಿಯಿಂದ ತರ್ಲಾ?” ಎನ್ನುವ ಹಂತಕ್ಕೆ ಬಂದಳು. ನಾನು ಮಾತ್ರ ಆ ಭಯ್ಯಾನ ಮುಂದೆ ನಿಂತು, ಬೇಕಾದ ತರಕಾರಿಯನ್ನು ಬೆರಳಿನಿಂದ ತೋರಿಸಿ, ಬೇಡದ್ದಕ್ಕೆ ಕತ್ತು ಆಡಿಸಿ, ಮನೆಗೆ ಬಂದು ಬೆವರು ಒರೆಸಿಕೊಳ್ಳುತ್ತಿದ್ದೆ. ಒಂದು ದಿನ ಅವನು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹಾಕಿಕೊಟ್ಟ. ಅಂದು ಸಂಜೆ ಪಾಯಸ ಮಾಡಿದೆ.

ಓಖ್ಲಾದ ಕೆಲಸದ ಸುದ್ದಿ ತಂದವರೂ ಯಜಮಾನರೇ. ಅದೊಂದು ವೆಬ್‌ಸೈಟ್ ಕಂಪನಿ. ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣಪುಟ್ಟ ವರ್ಕ್‌ಶಾಪುಗಳ ವಿಳಾಸವನ್ನೆಲ್ಲ ಒಂದೆಡೆ ಸೇರಿಸಿ, ಮಾನೇಸರ್‌ನ ಮೋಟಾರು ಕಾರ್ಖಾನೆಯವರೋ ಇನ್ಯಾರೋ ಹುಡುಕಿದರೆ ತೋರಿಸುವುದು ಅದರ ವ್ಯಾಪಾರ. ಅದನ್ನು ನಡೆಸುವವನು ಅಮಿತ್ ಎಂಬ ಮೂವತ್ತರ ಆಸುಪಾಸಿನ ಇಂಜಿನಿಯರ್. ಅವನೇ ನನ್ನನ್ನು ಸಂದರ್ಶನ ಮಾಡಿದ.

“ಇಪ್ಪತ್ತೆರಡು ವರ್ಷ ಏನ್ ಮಾಡ್ತಿದ್ರಿ ಮ್ಯಾಡಮ್‌ಜೀ?”

“ಪುಸ್ತಕ ಕೊಡ್ತಿದ್ದೆ. ವಾಪಸ್ ತಗೋತಿದ್ದೆ,” ಎಂದೆ. ಗಾಬರಿಯಲ್ಲಿ ನನ್ನ ಜೀವನ ಅಷ್ಟೇ ಅನ್ನಿಸಿತು.

ಅವನು ನಿಟ್ಟುಸಿರಿಟ್ಟು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಎರಡು ಕೊಳವೆ ಸೇರುವಲ್ಲಿ ಸೋರದಂತೆ ಇಡುವ ರಬ್ಬರಿನ ತುಂಡು. ಅದನ್ನು ಒಬ್ಬ ಗ್ಯಾಸ್ಕೆಟ್ ಎನ್ನುತ್ತಾನೆ, ಇನ್ನೊಬ್ಬ ಪ್ಯಾಕಿಂಗ್ ಎನ್ನುತ್ತಾನೆ, ಮೂರನೆಯವನು ಬರೀ ರಬ್ಬರ್ ರಿಂಗ್ ಎಂದು ಬರೆಸಿದ್ದಾನೆ. ಗ್ಯಾಸ್ಕೆಟ್ ಎಂದು ಹುಡುಕಿದರೆ ಪ್ಯಾಕಿಂಗ್‌ನವನು ಸಿಗುವುದಿಲ್ಲ. ಪ್ಯಾಕಿಂಗ್ ಎಂದರೆ ಪೆಟ್ಟಿಗೆ ಕಟ್ಟುವವರೆಲ್ಲ ಬಂದು ನಿಲ್ಲುತ್ತಾರೆ. ಇದಕ್ಕೇ ಅವನ ಐವರು ಇಂಜಿನಿಯರುಗಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು.

ನನಗೆ ನಗು ಬಂತು. ಸಂದರ್ಶನದಲ್ಲಿ ನಗಬಾರದೆಂಬುದು ಆಮೇಲೆ ನೆನಪಾಯಿತು. “ಇದನ್ನ ನಾವು ರಟ್ಟಿನ ಕಾರ್ಡಲ್ಲಿ ಮಾಡ್ತಿದ್ವಿ,” ಎಂದೆ. ಒಂದು ವಸ್ತುವಿಗೆ ಒಂದೇ ಹೆಸರನ್ನು ನಿಶ್ಚಯಿಸಿಕೊಳ್ಳಬೇಕು. ಉಳಿದ ಹೆಸರುಗಳನ್ನು ಬಿಸಾಡಬಾರದು. ಪ್ರತಿಯೊಂದಕ್ಕೂ ಒಂದು ಕಾರ್ಡು ಬರೆದು, ‘ಅಲ್ಲಿ ನೋಡಿ’ ಎಂದು ದಾರಿ ತೋರಿಸಬೇಕು. ಯಾವ ಬಾಗಿಲಿನಿಂದ ಬಂದವನೂ ಒಂದೇ ಕಪಾಟಿನ ಮುಂದೆ ಬಂದು ನಿಲ್ಲಬೇಕು. ಅವನ ಕಾಗದದ ಹಿಂಬದಿಯಲ್ಲೇ ಹತ್ತು ಕಾರ್ಡು ಬರೆದು ತೋರಿಸಿದೆ. ಅಮಿತ್ ಕಾಗದವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ. “ಅಚ್ಛಾ. ಸೋಮವಾರದಿಂದ ಬನ್ನಿ.”

ಹೀಗೆ ನಾನು ಟೆಕ್ನಾಲಜಿ ಮಹಿಳೆಯಾದೆ. ಊರಿಗೆ ಫೋನು ಮಾಡಿದಾಗ ತಂಗಿಗೆ “ಸಾಫ್ಟ್‌ವೇರ್ ಕಂಪನಿ ಕಣೇ” ಎಂದೆ. ಗ್ರಂಥಪಾಲಕಿ ಎಂಬ ಮಾತನ್ನು ಮೆಲ್ಲಗೆ ಹಿತ್ತಿಲ ಬಾಗಿಲಿನಿಂದ ಸಾಗಹಾಕಿದೆ. ಇದು ನನ್ನ ಮೊದಲ ನಾಚಿಕೆಗೇಡು. ಏಕೆಂದರೆ ನನ್ನನ್ನು ಅಲ್ಲಿ ಕೂರಿಸಿದ್ದು ಆ ಮಾತೇ. ಆರು ತಿಂಗಳಲ್ಲಿ ಬೋಲ್ಟು, ಬುಷ್ಷು, ಸ್ಪ್ರಿಂಗು, ಸೀಲುಗಳೆಲ್ಲ ಒಂದು ಮರದ ಕೊಂಬೆ ರೆಂಬೆಗಳಂತೆ ಸಾಲಾಗಿ ಕೂತವು. ಮಾನೇಸರ್‌ನಿಂದ ಹುಡುಕುವವರಿಗೆ ಬೇಕಾದದ್ದು ಸಿಗತೊಡಗಿತು. ಇಂಜಿನಿಯರುಗಳು ನನ್ನನ್ನು “ಕಾರ್ಡ್ ವಾಲೀ ಮ್ಯಾಡಮ್” ಎಂದು ತಮಾಷೆ ಮಾಡುತ್ತ, ಸಂದೇಹ ಬಂದಾಗ ನನ್ನ ಮೇಜಿನ ಮುಂದೆಯೇ ಬಂದು ನಿಲ್ಲುತ್ತಿದ್ದರು. ನನಗೆ ಸ್ವಲ್ಪ ಕೊಬ್ಬೂ ಬಂತು.

ಅದಾದ ಮೇಲೆ ಅಮಿತ್ ನನಗೆ ಜೋಡಿ ನಮೂದುಗಳನ್ನು ಒಪ್ಪಿಸಿದ. ಒಂದೇ ವರ್ಕ್‌ಶಾಪು ಎರಡೆರಡು ಸಲ ಸೇರಿಕೊಂಡಿದ್ದರೆ ಹುಡುಕಿ ಒಂದು ಮಾಡಬೇಕು. ಇದು ನನಗೆ ಹಬ್ಬದ ಅಡಿಗೆಯಂಥ ಕೆಲಸ. ಒಬ್ಬನೇ ಲೇಖಕನಿಗೆ ತಪ್ಪಾಗಿ ಎರಡು ಕಾರ್ಡು ಬರೆದಿರುವುದನ್ನು ಪತ್ತೆ ಹಚ್ಚಿದಾಗ ಗ್ರಂಥಪಾಲಕರಿಗೆ ಆಗುವ ಸಂತೋಷ ಬೇರೆಯವರಿಗೆ ತಿಳಿಯದು.

ಧನ್ನಾಮಲ್ ರಬ್ಬರ್ ವರ್ಕ್ಸ್ ಎಂಬುದು ಎರಡು ಸಲ ಇತ್ತು. ಒಂದೇ ಹೆಸರು, ಓಖ್ಲಾದ ಒಂದೇ ಗಲ್ಲಿ, ಒಂದೇ ಶೆಡ್ ನಂಬರು, ಅದೇ ರಬ್ಬರ್ ರಿಂಗು. ಫೋನ್ ನಂಬರು ಮಾತ್ರ ಬೇರೆ. ಒಂದು ಹಳೆಯದು, ಒಂದು ಹೊಸದು ಇರಬೇಕೆಂದುಕೊಂಡೆ.

ಗ್ರಂಥಾಲಯದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: “ಪುಸ್ತಕ ಕೈಯಲ್ಲಿ ಹಿಡೀದೆ ಕಾರ್ಡ್ ಬರೀಬೇಡಮ್ಮ.” ಯಾರೋ ಹೇಳಿದ್ದನ್ನು ಕೇಳಿ, ಬೇರೆ ಪಟ್ಟಿಯನ್ನು ನೋಡಿ ಬರೆಯಕೂಡದು. ಪುಸ್ತಕ ತೆರೆದು ಒಳಪುಟ ನೋಡಿಯೇ ಬರೆಯಬೇಕು. ಇಪ್ಪತ್ತೆರಡು ವರ್ಷ ನಾನು ಆ ಮಾತು ಮೀರಿರಲಿಲ್ಲ. ಆ ಗಲ್ಲಿ ನಮ್ಮ ಆಫೀಸಿನಿಂದ ನಡೆದರೆ ಹತ್ತು ನಿಮಿಷ. ನಡೆಯಲು ಸೋಮಾರಿತನವೆಂದರೆ ಫೋನಾದರೂ ಇತ್ತು. ರಿಸೀವರ್ ಎತ್ತಿಯೂ ಇದ್ದೆ. ‘ನಮಸ್ತೇ ಜೀ, ನೀವೂ ಅವರೂ ಒಬ್ಬರೇನಾ?’ ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಹಿಂದಿಯಲ್ಲಿ ಜೋಡಿಸಿದೆ. ಅತ್ತಲಿಂದ ಅವರು ‘ಯಾರು?’ ಎಂದರೆ? ಗಡಗಡ ಹಿಂದಿಯಲ್ಲಿ ಏನಾದರೂ ಕೇಳಿದರೆ? ಪಕ್ಕದ ಮೇಜಿನ ಇಂಜಿನಿಯರುಗಳು ಕಿವಿಗೊಟ್ಟು, ಕಾರ್ಡ್ ವಾಲೀ ಮ್ಯಾಡಮ್ ತೊದಲುವುದನ್ನು ಕೇಳಿಸಿಕೊಂಡರೆ? ರಿಸೀವರ್ ಇಟ್ಟೆ. ವಿವರ ಹೆಚ್ಚಿದ್ದ ನಮೂದನ್ನು ಉಳಿಸಿ, ಇನ್ನೊಂದನ್ನು ಅದರೊಳಕ್ಕೆ ಸೇರಿಸಿದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆ ದಿನ ಮೂವತ್ತು ಜೋಡಿ ಮುಗಿಸಿದೆನೆಂದು ಬೀಗುತ್ತ ಬಸ್ಸು ಹತ್ತಿದೆ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಮಿತ್ ನನ್ನನ್ನು ಕರೆದ. ಅವನ ಮೇಜಿನ ಮುಂದೆ ಐವತ್ತರ ಹೆಂಗಸೊಬ್ಬರು ಕೂತಿದ್ದರು. ಮಾಸಲು ಸಲ್ವಾರು, ತಲೆ ಮೇಲೆ ದುಪಟ್ಟಾ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಬೆರಳ ತುದಿಗಳಿಗೆ ರಬ್ಬರಿನ ಕಪ್ಪು ಹತ್ತಿ ಶಾಶ್ವತವಾಗಿತ್ತು. ಹೆಸರು ಸರೋಜ್.

“ಬೆಹನ್‌ಜೀ, ನೀವೇ ಹೇಳಿ,” ಎಂದು ಅವರು ಚೀಲದಿಂದ ಒಂದು ರಬ್ಬರ್ ರಿಂಗು ತೆಗೆದು ಮೇಜಿನ ಮೇಲಿಟ್ಟರು. “ಇದು ನನ್ನದು. ಇದರಲ್ಲಿ ಏನು ಕೆಟ್ಟದ್ದಿದೆ? ಮಾನೇಸರ್‌ನವರು ಯಾಕೆ ಫೋನ್ ಮಾಡೋದು ಬಿಟ್ರು?”

ಆಮೇಲೆ ಕತೆ ಬಂತು. ಧನ್ನಾಮಲ್ ಅವರ ಮಾವ. ಮಾವ ಹೋದ ಮೇಲೆ ಇಬ್ಬರು ಗಂಡುಮಕ್ಕಳು ಬೇರೆಯಾದರು. ಶೆಡ್ಡಿನ ನಡುವೆ ಗೋಡೆ ಎದ್ದಿತು. ಆದರೆ ಅಪ್ಪನ ಹೆಸರನ್ನು ಇಬ್ಬರೂ ಬಿಡಲಿಲ್ಲ. ಆಚೆಗೂ ಧನ್ನಾಮಲ್, ಈಚೆಗೂ ಧನ್ನಾಮಲ್. ಇಲ್ಲಿನ ವ್ಯಾಪಾರಸ್ಥರಲ್ಲಿ ಇದು ತೀರಾ ಸಾಮಾನ್ಯವಂತೆ. ಯಂತ್ರ ಪಾಲಾಗುತ್ತದೆ, ಗೋದಾಮು ಪಾಲಾಗುತ್ತದೆ, ಅಪ್ಪನ ಹೆಸರು ಮಾತ್ರ ಪಾಲಾಗುವುದಿಲ್ಲ. ಎರಡು ವರ್ಷದ ಹಿಂದೆ ಸರೋಜ್ ಅವರ ಗಂಡ ತೀರಿಕೊಂಡರು. ಗಂಡನ ಅಣ್ಣ, ಇಲ್ಲಿ ಜೇಠ್ ಎನ್ನುತ್ತಾರೆ, ಹೆಂಗಸಿಗೇಕೆ ಶೆಡ್ಡು, ದೀಪಾವಳಿಯೊಳಗೆ ತನಗೇ ಬಿಟ್ಟುಕೊಡು ಎಂದು ಪಟ್ಟು ಹಿಡಿದಿದ್ದ.

“ತಮ್ಮನ ಅಂಗಡಿ ಮುಚ್ಚಿದೆ ಅಂತ ಗಲ್ಲಿಗೆಲ್ಲ ಹೇಳ್ಕೊಂಡು ತಿರುಗ್ತಾನೆ. ಹೇಳಲಿ ಬಿಡು ಅಂದ್ಕೊಂಡಿದ್ದೆ. ಈಗ ನಿಮ್ಮ ಕಂಪ್ಯೂಟರೂ ಅದನ್ನೇ ಹೇಳ್ತಿದೆಯಲ್ಲ? ನನ್ನ ನಂಬರೇ ಇಲ್ಲ. ಬರೋ ಫೋನೆಲ್ಲ ಅವನಿಗೆ. ಸಚ್ ಬತಾಓ ಬೇಟಾ, ನಿಜ ಹೇಳು,” ಎಂದು ಅಮಿತ್ ಕಡೆ ತಿರುಗಿದರು, “ಅವನು ಇಲ್ಲಿ ಯಾರನ್ನ ಹಿಡಿದು ನನ್ನ ನಂಬರ್ ಅಳಿಸಿದ?”

ಅಮಿತ್ ನನ್ನ ಮುಖ ನೋಡಿದ. ಪ್ರತಿ ಬದಲಾವಣೆಯ ಪಕ್ಕದಲ್ಲಿ ಮಾಡಿದವರ ಹೆಸರಿನ ಮೊದಲಕ್ಷರ ಉಳಿಯುತ್ತದೆ. ಕಂಪ್ಯೂಟರ್ ತೆರೆಯಬೇಕಾಗಿಯೇ ಇರಲಿಲ್ಲ, ನನಗೆ ಆ ಅಕ್ಷರ ಕಣ್ಣಿಗೆ ಕಟ್ಟಿತ್ತು. ನನ್ನ ಹಿಂದಿ ಅಂದು ಎಂದೂ ಇಲ್ಲದಷ್ಟು ಸರಾಗವಾಗಿ ಹೊರಟಿತು.

“ಯಾರೂ ಅಳಿಸಿಲ್ಲ ಜೀ. ಸಾಫ್ಟ್‌ವೇರ್ ತಪ್ಪು. ಮೆಷಿನ್ ಎರಡೂ ಒಂದೇ ಅಂದ್ಕೊಂಡುಬಿಟ್ಟಿದೆ.”

ಬೈಯುತ್ತಾರೆ ಅಂದುಕೊಂಡಿದ್ದೆ. ಸರೋಜ್ ಅವರ ಮುಖ ಸಡಿಲವಾಯಿತು. ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡರು. “ಮೆಷಿನ್ನಾ? ಮೆಷಿನ್‌ಗೆ ನನ್ನ ಮೇಲೆ ಏನು ದ್ವೇಷ, ಬಿಡಿ. ಮನುಷ್ಯರು ಮಾಡಿದ್ರೇನೋ ಅಂತ ನಾನು ನಾಲ್ಕು ತಿಂಗಳು ಸರಿಯಾಗಿ ಉಂಡಿಲ್ಲ.” ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡರು. ರಬ್ಬರಿನ ವಾಸನೆ ಸಂಜೆಯವರೆಗೂ ಹೋಗಲಿಲ್ಲ.

ಅವರು ಹೋದ ಮೇಲೆ ಅಮಿತ್ ನಮೂದು ತೆರೆದು ನೋಡಿದ. ಓದಿದ. ಮುಚ್ಚಿದ. “ಚಲೋ ಮ್ಯಾಡಮ್‌ಜೀ. ಸಾಫ್ಟ್‌ವೇರ್‌ಗೆ ಬಾಯಿಲ್ಲ, ಅದು ದೂರು ಕೊಡಲ್ಲ,” ಎಂದ. ಅವನು ಒಳ್ಳೆಯವನು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಆ ಹತ್ತು ನಿಮಿಷದ ದಾರಿ ನಡೆದೆ. ‘ತಪ್ಪು ನನ್ನದು, ಮೆಷಿನ್‌ನದಲ್ಲ’ ಎಂಬುದನ್ನು ಹಿಂದಿಯಲ್ಲಿ ದಾರಿಯುದ್ದಕ್ಕೂ ಉರುಹೊಡೆದೆ. ಗಲ್ಲಿಯೊಳಗೆ ಹೋದರೆ ಒಂದೇ ತಗಡಿನ ಸೂರಿನ ಕೆಳಗೆ ಎರಡು ಬಾಗಿಲು, ಎರಡರ ಮೇಲೂ ಒಂದೇ ಬಣ್ಣದ, ಒಂದೇ ಅಕ್ಷರದ ಬೋರ್ಡು. ಕಣ್ಣಿದ್ದವರಿಗೆ ಒಂದು ನೋಟದ ಕೆಲಸ. ಒಳಗಿನ ಗೋಡೆ ಸೂರಿನವರೆಗೆ ಏರಿರಲಿಲ್ಲ, ಆಳೆತ್ತರಕ್ಕೆ ನಿಂತಿತ್ತು. ಆಚೆಯವರ ಕೆಮ್ಮು ಈಚೆಗೆ ಬೀಳುತ್ತಿತ್ತು.

ಸರೋಜ್ ನನ್ನನ್ನು ನೋಡಿದ್ದೇ ಸ್ಟೂಲು ಎಳೆದರು, ಚಹಾಕ್ಕೆ ಹೇಳಿದರು, ಗೋಡೆಯ ಕಡೆ ಮುಖ ಮಾಡಿ ಗಂಟಲೆತ್ತಿದರು: “ಕಂಪನಿಯಿಂದ ಮ್ಯಾಡಮ್ ಖುದ್ದು ಬಂದಿದ್ದಾರೆ! ಮೆಷಿನ್ ತಪ್ಪಂತೆ! ನನ್ನ ಅಂಗಡಿ ಮುಚ್ಚಿದೆ ಅಂತ ಯಾರೂ ಬರೆಸಿಲ್ಲವಂತೆ!”

ಆಚೆ ಕೆಮ್ಮು ನಿಂತಿತು. ಆ ಮೌನ ಸರೋಜ್ ಅವರಿಗೆ ನಾಲ್ಕು ತಿಂಗಳಲ್ಲಿ ಸಿಕ್ಕ ಮೊದಲ ಗೆಲುವು. ಅದರ ಮೇಲೆ ನನ್ನ ವಾಕ್ಯವನ್ನು ಎಲ್ಲಿಡಲಿ? ಅವರ ಸಲುವಾಗಿಯೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳಿಗೆ ಪರೋಪಕಾರ ಎಷ್ಟು ಬೇಗ ಹೊಳೆಯುತ್ತದೆ ನೋಡಿ.

ನಮೂದನ್ನು ಅಲ್ಲೇ ಕೂತು ಕಾಗದದ ಮೇಲೆ ಹೊಸದಾಗಿ ಬರೆದೆ. ಒಂದೇ ಹೆಸರಿನ ಇಬ್ಬರು ಲೇಖಕರಿದ್ದರೆ ನಾವು ಹುಟ್ಟಿದ ವರ್ಷವನ್ನೋ ಊರನ್ನೋ ಪಕ್ಕಕ್ಕೆ ಬರೆದು ಬೇರೆ ಮಾಡುತ್ತೇವೆ. “ನಿಮ್ಮದು ಅಂತ ಗುರುತಾಗೋಕೆ ಪಕ್ಕದಲ್ಲಿ ಏನು ಬರೀಲಿ? ಎಡಗಡೆ ಬಾಗಿಲು ಅನ್ನಲಾ?” ಎಂದು ಕೇಳಿದೆ.

ಅವರು ರಿಂಗಿನ ಅಂಚು ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು. “ನನ್ನ ಹೆಸರು ಹಾಕಿದ್ರೆ?” ಎಂದು ಮೆಲ್ಲಗೆ ಕೇಳಿ, ಆ ಕೂಡಲೇ ಗೋಡೆಯ ಕಡೆ ನೋಡಿ, “ಬೇಡ, ಬೇಡ,” ಎಂದರು. ಆಮೇಲೆ, “ಹಾಕಿ. ಆದದ್ದಾಗಲಿ. ಸರೋಜ್ ಅಂತ ಹಾಕಿ.”

ದೀಪಾವಳಿಗೆ ಶೆಡ್ಡು ಅವರ ಕೈಯಲ್ಲೇ ಉಳಿಯಿತು. ಇದನ್ನು ಬರೆದು ನಿಲ್ಲಿಸಬಹುದಿತ್ತು. ಆದರೆ ಮಾನೇಸರ್‌ನವರು ಅಷ್ಟರಲ್ಲಿ ಜೇಠ್‌ನ ಕಡೆ ಒಪ್ಪಂದ ಮಾಡಿಕೊಂಡಾಗಿತ್ತು, ಅವರು ಮರಳಿ ಬರಲಿಲ್ಲ. ಗಂಡನ ಕಾಲದಿಂದ ಇದ್ದ ಹಳೆಯ ಕೆಲಸಗಾರ, ಆರ್ಡರಿಲ್ಲದ ಆ ತಿಂಗಳುಗಳಲ್ಲಿ ಗೋಡೆಯಾಚೆಗೆ ಹೋದವನು, ಅಲ್ಲೇ ಉಳಿದ. ಈಗ ಸರೋಜ್ ರಬ್ಬರ್ ಒತ್ತುವ ಪ್ರೆಸ್ಸಿನ ಮುಂದೆ ತಾವೇ ನಿಲ್ಲುತ್ತಾರೆ. ಬಲಗೈಯ ಮಣಿಕಟ್ಟು ಊದಿಕೊಂಡಿರುತ್ತದೆ. ಬರುವುದು ಪಂಪು ರಿಪೇರಿಯವರ ಚಿಲ್ಲರೆ ಆರ್ಡರು. ನಾನು ಒತ್ತಿದ ಒಂದು ಗುಂಡಿಯ ಅಳತೆ ಆ ಮಣಿಕಟ್ಟು.

ಆಫೀಸಿನಲ್ಲಿ ಹೊಸ ನಿಯಮ ಮಾಡಿಸಿದೆ: ಕಣ್ಣಾರೆ ನೋಡದೆ, ಕೊನೆಗೆ ಫೋನಿನಲ್ಲಾದರೂ ಕೇಳದೆ ಎರಡು ನಮೂದನ್ನು ಒಂದು ಮಾಡಕೂಡದು. ಅಮಿತ್ ಅದಕ್ಕೆ ನನ್ನ ಹೆಸರನ್ನೇ ಇಟ್ಟ. ಹೊಸದಾಗಿ ಸೇರಿದವರಿಗೆ, “ಇದು ವನಜಾ ಮ್ಯಾಡಮ್ ರೂಲ್. ಲೈಬ್ರರಿಯ ಅನುಭವ ಅಂದ್ರೆ ಇದು,” ಎಂದು ಹೇಳಿಕೊಡುತ್ತಾನೆ. ಗ್ರಂಥಪಾಲಕರ ವಿದ್ಯೆಗೆ ಈ ಕಾಲದಲ್ಲಿ ಎಷ್ಟು ಬೆಲೆ ಎಂದು ನನ್ನನ್ನು ತೋರಿಸಿ ಮಾತಾಡುವವರಿದ್ದಾರೆ. ಬೆಲೆ ಇದೆ, ನಿಜ. ಆ ವಿದ್ಯೆ ನನಗೆ ಮೊದಲ ದಿನವೇ ಹೇಳಿದ್ದನ್ನು ನಾನು ಕೇಳಲಿಲ್ಲ ಎಂಬುದೂ ಅಷ್ಟೇ ನಿಜ. ಯಾರಾದರೂ ಹೊಗಳಿದರೆ ನಾನು ತಲೆ ತಗ್ಗಿಸುತ್ತೇನೆ. ವಿನಯ ಎಂದುಕೊಳ್ಳುತ್ತಾರೆ.

ಶನಿವಾರ ಅರ್ಧ ದಿನ. ಮಧ್ಯಾಹ್ನ ಸರೋಜ್ ಅವರ ಶೆಡ್ಡಿಗೆ ಹೋಗುವುದು ಈಗ ವಾಡಿಕೆ. ಅವರು ಕಢೀ ತಂದಿರುತ್ತಾರೆ. ನಮ್ಮ ಮಜ್ಜಿಗೆ ಹುಳಿಯ ದೂರದ ನೆಂಟ, ಕಡಲೆಹಿಟ್ಟು ಹಾಕಿ ಕುದಿಸಿದ್ದು. ನಾನು ಚಟ್ನಿಪುಡಿ ಒಯ್ಯುತ್ತೇನೆ. ನನ್ನ ಹಿಂದಿಯನ್ನು ಅವರು ತಿದ್ದುತ್ತಾರೆ, ಅವರು ಹೇಳುವ ಅಳತೆಗಳನ್ನು ನಾನು ಪಟ್ಟಿಗೆ ಏರಿಸುತ್ತೇನೆ. ಹೋದ ಬೇಸಿಗೆಯಲ್ಲಿ ದಾವಣಗೆರೆಗೆ ಹೋದಾಗ ಗಿರಿಜಮ್ಮ ಹಿತ್ತಿಲಿಂದಲೇ, “ಏನಮ್ಮ, ದಿಲ್ಲಿಯೋಳು ಬಂದ್ಯಾ?” ಎಂದಳು. ಇಲ್ಲಿ ನಾನು ಗಲ್ಲಿಗೆಲ್ಲ ಮದ್ರಾಸಿ ಮ್ಯಾಡಮ್. ಅಲ್ಲಿ ಇಪ್ಪತ್ತು ದಿನ ಇದ್ದೆ. ಮೂರನೇ ಶನಿವಾರ ಮಧ್ಯಾಹ್ನ ನನಗೆ ಕಢೀ ಬೇಕೆನ್ನಿಸಿ, ಅದನ್ನು ಯಾರಿಗೂ ಹೇಳಲಾಗದೆ ಮಜ್ಜಿಗೆ ಹುಳಿ ಮಾಡಿಸಿಕೊಂಡು ಉಂಡೆ.

“ವಾಪಸ್ ವರ್ಗಾವಣೆಗೆ ಅರ್ಜಿ ಹಾಕ್ಲೇನೇ?” ಎಂದು ಯಜಮಾನರು ಮೊನ್ನೆ ಕೇಳಿದರು. ಎರಡು ವರ್ಷದ ಹಿಂದೆ ಕೇಳಿದ್ದರೆ ಪೆನ್ನು ನಾನೇ ತಂದುಕೊಡುತ್ತಿದ್ದೆ. “ಇನ್ನೊಂದು ವರ್ಷ ನೋಡೋಣ ರೀ,” ಎಂದೆ. ದೆಹಲಿಯಲ್ಲಿ ನನ್ನನ್ನು ಕೂರಿಸಿ ಉಣ್ಣಲಿಕ್ಕೆ ಇಡುವ ಜಾಗ ಸರೋಜ್ ಅವರ ಶೆಡ್ಡೊಂದೇ. ಅದು ನನಗೆ ಸಿಕ್ಕಿದ್ದು ಒಂದು ಸುಳ್ಳಿನಿಂದ. ನಿಜ ಹೇಳಿದರೆ ನನ್ನ ಮನಸ್ಸು ಹಗುರವಾಗುತ್ತದೆ, ಆ ಸ್ಟೂಲು ಹೋಗುತ್ತದೆ. ಇಲ್ಲಿ, ಕನ್ನಡದಲ್ಲಿ ಬರೆಯಲು ಧೈರ್ಯ ಬಂದದ್ದು ಸರೋಜ್ ಅವರಿಗೆ ಕನ್ನಡ ಬಾರದು ಎಂಬುದರಿಂದ. ನಿಮ್ಮ ಮುಂದೆ ತಪ್ಪೊಪ್ಪಿಕೊಂಡರೆ ನನಗೆ ನಷ್ಟವೇನೂ ಇಲ್ಲ. ಅದಕ್ಕೇ ಇದು ತಪ್ಪೊಪ್ಪಿಗೆಯೂ ಅಲ್ಲ.

ಕಳೆದ ಶನಿವಾರ ಗಲ್ಲಿಗೆ ಹೊಸದಾಗಿ ಬಂದ ಹೊಲಿಗೆ ಘಟಕದ ಹೆಂಗಸೊಬ್ಬರು ಶೆಡ್ಡಿಗೆ ಬಂದರು. ನಾನು ಕೆಳಗೆ ಕೂತು ರಿಂಗುಗಳನ್ನು ಅಳತೆವಾರು ದಾರಕ್ಕೆ ಪೋಣಿಸುತ್ತಿದ್ದೆ. ನನ್ನನ್ನು ತೋರಿಸಿ, ಇವರು ಯಾರೆಂದು ಅವರು ಕೇಳಿದರು.

“ಇವರಾ? ನಮ್ಮವರು,” ಎಂದರು ಸರೋಜ್. “ಕಂಪ್ಯೂಟರ್ ಕಂಪನಿಯವರು, ಆದ್ರೂ ನಮ್ಮವರು. ಅವರ ಮೆಷಿನ್ ನನ್ನ ಹೆಸರು ನುಂಗಿಬಿಟ್ಟಿತ್ತು. ಎಲ್ಲರೂ ಮೆಷಿನ್ ಮಾತು ನಂಬಿದ್ರು, ಇವರೊಬ್ಬರೇ ನಡಕೊಂಡು ಬಂದು ಕಣ್ಣಾರೆ ನೋಡಿದ್ರು.” ಆಮೇಲೆ ನನ್ನ ಕಡೆ ತಿರುಗಿ, ಊದಿದ ಕೈಯಿಂದ ನನ್ನ ಭುಜ ತಟ್ಟಿ, “ಹೈ ನಾ, ವನಜಾ?” ಎಂದರು.

ಹೊಲಿಗೆಯ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಗೋಡೆಯಾಚೆ ಅಂದು ಯಾರೂ ಇರಲಿಲ್ಲ. ಹೇಳಬೇಕಾದ ವಾಕ್ಯ ನನಗೆ ಈಗ ಹಿಂದಿಯಲ್ಲಿ ತಪ್ಪಿಲ್ಲದೆ ಬರುತ್ತದೆ.

“ಹಾಂ ಜೀ,” ಎಂದೆ.